ಚೀಟಿಯಲ್ಲಿ ಇಲ್ಲದ ಜೀನು

59ನೇ ದಿನ ಬೆಳಿಗ್ಗೆ ಮೊಟ್ಟೆಯ ಡಬ್ಬಿಯ ಮುಚ್ಚಳ ತೆಗೆದಾಗ ಒಂದು ಮೂತಿ ಹೊರಗಿತ್ತು. ಕಾರ್ನ್ ಸ್ನೇಕ್ ಎಂಬ ಸಾಕು ಹಾವಿನ ಮರಿ ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ತೊಗಲಿನಂಥ ಸಿಪ್ಪೆಯನ್ನು ಸೀಳಿ, ತಲೆ ಮಾತ್ರ ಹೊರಗಿಟ್ಟುಕೊಂಡು, ಕೆಲವೊಮ್ಮೆ ಇಡೀ ದಿನ ಹಾಗೇ ಕೂತಿರುತ್ತದೆ. ಅವಸರವೆಲ್ಲ ನಮ್ಮದು. ಇಟ್ಟ 14 ಮೊಟ್ಟೆಗಳಲ್ಲಿ ಎರಡು ಮೊದಲೇ ಬೂಷ್ಟು ಹಿಡಿದು ಹೋಗಿದ್ದವು. ಮರುದಿನ ಸಂಜೆಯ ಹೊತ್ತಿಗೆ ಉಳಿದ 12 ಮರಿಗಳೂ ಹೊರಬಂದಿದ್ದವು.

ತಾಯಿ ‘ಸನ್‌ಕಿಸ್ಡ್’ ಅನ್ನುವ ಬಣ್ಣದ್ದು. ಗಂಡು ನೋಡಲು ಮಾಮೂಲಿ ಹಾವೇ, ಆದರೆ ತಂದ ದಿನದ ಚೀಟಿಯಲ್ಲಿ ‘ಹೆಟ್ ಸನ್‌ಕಿಸ್ಡ್’ ಎಂದಿತ್ತು. ಅಂದರೆ ಆ ಬಣ್ಣದ ಜೀನಿನ ಒಂದು ಪ್ರತಿ ಒಳಗಿದೆ, ಮೈಮೇಲೆ ಕಾಣುವುದಿಲ್ಲ. ಎರಡು ಪ್ರತಿ ಕೂಡಿದರೆ ಮಾತ್ರ ಬಣ್ಣ. ಇಂಥ ಜೋಡಿಯಲ್ಲಿ ಹೆಚ್ಚುಕಡಿಮೆ ಅರ್ಧ ಮರಿಗಳು ತಾಯಿಯ ಬಣ್ಣಕ್ಕೆ ಬರಬೇಕು. ಏಳು ಬಂದವು. ಚೀಟಿ ಸುಳ್ಳಾಗಲಿಲ್ಲ ಎಂದು ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಅದರ ಮಾರನೇ ದಿನ ಡಬ್ಬಿ ಒರೆಸಲೆಂದು ಒಂದು ಮರಿಯನ್ನು ಎತ್ತಿದೆ. ಅದರ ತಲೆ ಮೆಲ್ಲಗೆ ಹಿಂದಕ್ಕೆ ವಾಲಿತು. ಗಂಟಲು ಮೇಲಾಯಿತು, ಮೈ ಹಗ್ಗ ಹೊಸೆದಂತೆ ತಿರುಚಿಕೊಂಡಿತು. ಕೆಳಗಿಟ್ಟರೆ ಅಂಗಾತ ಬಿದ್ದು, ಮಗುಚಿಕೊಳ್ಳಲು ಹೋಗಿ ಮತ್ತೆ ಅಂಗಾತ. ಗಾಬರಿಯಲ್ಲಿ ಉಳಿದವನ್ನೂ ಒಂದೊಂದಾಗಿ ಎತ್ತಿ ನೋಡಿದೆ. ಹಾಗೆ ಮಾಡಿದ್ದು ಒಟ್ಟು ಮೂರು.

ಇದಕ್ಕೆ ‘ಸ್ಟಾರ್‌ಗೇಜರ್’ ಎನ್ನುತ್ತಾರೆ, ನಕ್ಷತ್ರ ನೋಡುವ ಹಾವು. ಇಷ್ಟು ಚಂದದ ಹೆಸರು ಇಟ್ಟವರ ಮೇಲೆ ನನಗೆ ಇವತ್ತಿಗೂ ಸಣ್ಣ ಸಿಟ್ಟಿದೆ. ಇದು ಸನ್‌ಕಿಸ್ಡ್ ವಂಶಗಳಲ್ಲಿ ಸೇರಿಕೊಂಡು ಬಂದ ದೋಷ. ಇದಕ್ಕೂ ಎರಡು ಪ್ರತಿ ಬೇಕು. ಬಾಲ್ ಪೈಥಾನ್ ಎಂಬ ಹೆಬ್ಬಾವಿನ ‘ಸ್ಪೈಡರ್’ ಅನ್ನುವ ಬಣ್ಣದ ಬಗೆಯಲ್ಲಾದರೆ ಮೈಮೇಲಿನ ಆ ಚಿತ್ತಾರವೂ ತಲೆ ಅಲ್ಲಾಡುವ ಕಾಯಿಲೆಯೂ ಜೊತೆಗೇ ಬರುತ್ತವೆ, ಬಿಡಿಸಲು ಬಂದಿಲ್ಲ. ಇಲ್ಲಿ ಹಾಗಲ್ಲ. ಪರೀಕ್ಷೆ ಮಾಡಿಸಿ ಜೋಡಿ ಹಾಕಿದ್ದರೆ ಬಣ್ಣವೂ ಇರುತ್ತಿತ್ತು, ಈ ಮೂರು ಮರಿಗಳಿಗೆ ಈ ಗತಿಯೂ ಬರುತ್ತಿರಲಿಲ್ಲ. ಮಾಡಿಸದೇ ಇದ್ದವನು ನಾನು.

ಗಂಡನ್ನು ಕೊಟ್ಟವರಿಗೆ ಫೋನ್ ಮಾಡಿದೆ. “ಬಣ್ಣದ್ದು ಬರೆದದ್ದು ಸರಿ ಇತ್ತಲ್ಲ ಸಾರ್?” ಎಂದರು. ಸರಿ ಇತ್ತು, ಅದಕ್ಕೇನು ಹೇಳಲಿ. ಇನ್ನೊಬ್ಬ ಗೆಳೆಯ ಸಲಹೆಯನ್ನೇ ಕೊಟ್ಟ: “ಆ ಮೂರನ್ನು ಪಕ್ಕಕ್ಕಿಡು, ಉಳಿದ ಒಂಬತ್ತು ಚೆನ್ನಾಗಿವೆಯಲ್ಲ ಮಾರಾಯ.”

ಚೆನ್ನಾಗಿ ಕಾಣುತ್ತವೆ, ಅಷ್ಟೇ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದದ್ದು ಈಗ ಖಾತ್ರಿ. ಅಂದಮೇಲೆ ಚೆನ್ನಾಗಿ ಕಾಣುವ ಪ್ರತಿ ಮರಿಯಲ್ಲೂ ಆ ಜೀನು ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ‘66% ಹೆಟ್’ ಎಂದು ಬರೆಯುವುದು ಇದನ್ನೇ. ಎಷ್ಟೋ ಜನ ಅದನ್ನು ಹಾವಿನೊಳಗೆ 66 ಪಾಲು ಜೀನು ಇದೆ ಎಂದು ಓದಿಕೊಳ್ಳುತ್ತಾರೆ. ಹಾವಿನಲ್ಲಿ ಅದು ಇರುತ್ತದೆ ಅಥವಾ ಇರುವುದಿಲ್ಲ. ಶೇಕಡಾವಾರು ನಮ್ಮ ಅಂದಾಜಿನದ್ದು.

ಹತ್ತು ದಿನಕ್ಕೆ ಮರಿಗಳು ಮೊದಲ ಪೊರೆ ಬಿಟ್ಟವು. ಒಣಗಿದ ಈರುಳ್ಳಿ ಸಿಪ್ಪೆಗಿಂತ ತೆಳು, ಉಸಿರು ತಾಗಿದರೆ ಹಾರುತ್ತದೆ. ಒಂದರದ್ದು ಇನ್ನೊಂದಕ್ಕೆ ಸೇರದಂತೆ ಕೈ ತೊಳೆದು ತೊಳೆದು, ಬೇರೆ ಬೇರೆ ಕವರಿಗೆ ಹಾಕಿ, ನಂಬರು ಬರೆದು ಪ್ರಯೋಗಾಲಯಕ್ಕೆ ಕಳಿಸಿದೆ. ಪೊರೆಯಲ್ಲೇ ಡಿಎನ್ಎ ಸಿಗುತ್ತದೆ, ಹಾವಿಗೆ ಸೂಜಿ ಚುಚ್ಚಬೇಕಿಲ್ಲ. ಫಲಿತಾಂಶ ಬರುವಷ್ಟರಲ್ಲಿ ಆ ಮೂರರಲ್ಲಿ ಒಂದು, ಇಲಿಮರಿಯ ಕಡೆ ಬಾಯಿ ಹಾಕಿದರೂ ಪ್ರತಿಸಲ ಗುರಿ ತಪ್ಪಿ, ಏನೂ ತಿನ್ನದೆ ಸತ್ತಿತ್ತು. ಉಳಿದೆರಡು ನನ್ನ ಬಳಿಯೇ ಇವೆ. ಒಂಬತ್ತರಲ್ಲಿ ಐದಕ್ಕೆ ಜೀನು ಇತ್ತು, ನಾಲ್ಕಕ್ಕೆ ಇರಲಿಲ್ಲ. ಎಲ್ಲಕ್ಕಿಂತ ಹೊಳೆಯುವ ಮರಿ ಆ ಐದರಲ್ಲೇ ಒಂದು. ನನಗೇನೂ ಆಶ್ಚರ್ಯವಾಗಲಿಲ್ಲ.

ಅದನ್ನೇ ಒಬ್ಬ ಹುಡುಗ ಮೆಚ್ಚಿಕೊಂಡ. ಚೀಟಿ ಓದಿ ಹೇಳಿದೆ: ಸನ್‌ಕಿಸ್ಡ್, ಸ್ಟಾರ್‌ಗೇಜರ್ ಹೆಟ್, ಪರೀಕ್ಷೆಯಾಗಿದೆ.

“ನಾನು ಒಂದೇ ಹಾವು ಸಾಕೋದು ಅಣ್ಣ, ಜೋಡಿ ಹಾಕಲ್ಲ. ಚೀಟಿ ಯಾಕೆ?”

ಸರಿಯಾಗಿ ನೋಡಿಕೊಂಡರೆ ಇದು 15–20 ವರ್ಷ ಬದುಕುತ್ತದೆ, ಅಷ್ಟರಲ್ಲಿ ಯಾರ ಕೈಯಲ್ಲಿರುತ್ತದೋ ಎಂದೆ. ಅವನು ನಕ್ಕ. ಡಬ್ಬಿಯನ್ನು ಮಗುಚಿ, ತಳಕ್ಕೆ ಚೀಟಿ ಇಟ್ಟು, ಮೇಲೆ ಎರಡು ಸುತ್ತು ಟೇಪ್ ಹಾಕಿ ಕೊಟ್ಟೆ.