ಕನ್ನಡಿಯಲ್ಲಿ ನೋಡಿದ ಮ್ಯಾಚು

ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಕ್ವಾರ್ಟರ್ ಫೈನಲ್ ಮ್ಯಾಚ್ ನಾವು ಗೆದ್ದು ಎರಡು ದಿನ ಆಯಿತು. ಎಲ್ಲರೂ ನಮ್ಮ ಗೋಲ್‌ಕೀಪರ್ ಶ್ರೀಜೇಶ್ ಬಗ್ಗೆ ಮಾತಾಡುತ್ತಿದ್ದಾರೆ. ನಾನು ಮಾತ್ರ ಒಂದು ಸಲೂನಿನ ಕನ್ನಡಿಯ ಬಗ್ಗೆ ಯೋಚನೆ ಮಾಡುತ್ತಾ ಕೂತಿದ್ದೇನೆ.

2024ರ ಆಗಸ್ಟ್ 4, ಭಾನುವಾರ. ಬೇರೆ ಭಾನುವಾರ ಆಗಿದ್ದರೆ ಹುಬ್ಬಳ್ಳಿಯ ಗದಗ ರಸ್ತೆ ಕಡೆಯ ಆ ಸಲೂನಿನಲ್ಲಿ ಕಾಲಿಡಲು ಜಾಗ ಸಿಗುತ್ತಿರಲಿಲ್ಲ. ಆದರೆ ಅವತ್ತು ನಾಗರ ಅಮಾಸಿ. ಅಮಾಸಿ ದಿನ ಕ್ಷೌರ ಮಾಡಿಸಿಕೊಂಡು ಬಂದವನಿಗೆ ನಮ್ಮ ಕಡೆ ಮನೆ ಹೊಸ್ತಿಲಲ್ಲೇ ಮಂಗಳಾರತಿ. ಗಿರಾಕಿ ಬರುವುದಿಲ್ಲ ಅಂತ ಗೊತ್ತಿದ್ದೂ ಅಂಗಡಿಯವನು ಬಾಗಿಲು ತೆಗೆದಿದ್ದ, ಟಿವಿ ಸಲುವಾಗಿ. "ಒಂದೂವರೆಗೆ ಕ್ವಾರ್ಟರ್ ಫೈನಲ್ ಐತ್ರಿ ಅಣ್ಣಾರ, ಬರ್ರಿ" ಅಂತ ಬೆಳಿಗ್ಗೆಯೇ ಫೋನ್ ಮಾಡಿದ್ದ. ಮನೆಯಲ್ಲಿ ಪಂಚಮಿ ಉಂಡಿಗೆ ಶೇಂಗಾ ಹುರಿಯುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಸಿಪ್ಪೆ ತಿಕ್ಕಲು ನನ್ನನ್ನೇ ಕೂರಿಸುತ್ತಾರೆ ಅನ್ನುವ ಅಂದಾಜು ಸಿಕ್ಕಿತು. ಊಟದ ಕೈ ಒಣಗುವ ಮೊದಲೇ ಚಪ್ಪಲಿ ಮೆಟ್ಟಿದೆ.

ಆ ಅಂಗಡಿಯಲ್ಲಿ ಟಿವಿ ಇರುವುದು ಬಾಗಿಲ ಮೇಲೆ. ಕುರ್ಚಿಯಲ್ಲಿ ಕೂತವರಿಗೆ ಅದು ಎದುರಿನ ಕನ್ನಡಿಯಲ್ಲಿ ಕಾಣುತ್ತದೆ, ಉಲ್ಟಾ. ಎರಡು ಕುರ್ಚಿ ತಿರುಗುತ್ತವೆ. ಮೂಲೆಯದು ಮೂರು ವರ್ಷದಿಂದ ಜಾಮ್. ತಲೆ ಆನಿಸಲು ದಿಂಬು ಇರುವುದು ಅದಕ್ಕೆ ಮಾತ್ರ. ಹಾಗಾಗಿ ಅದರಲ್ಲಿ ನಮ್ಮ ಪಿಟಿ ಮಾಸ್ತರ್ ಕೂತಿದ್ದರು. ನನಗೆ ಹೈಸ್ಕೂಲಿನಲ್ಲಿ ಹಾಕಿ ಕಲಿಸಿದವರು. ರಿಟೈರ್ ಆಗುವ ತನಕ ರಜೆ ದಿನಗಳಲ್ಲಿ ಅಂಪೈರಿಂಗ್ ಕೂಡ ಮಾಡುತ್ತಿದ್ದರು. ಒಳ್ಳೆಯವರು, ಆದರೆ ಒಬ್ಬರನ್ನೂ ಹೊಗಳಿದ್ದು ಗೊತ್ತಿಲ್ಲ. "ಶಭಾಷ್" ಅಂದರೆ ಪಗಾರ ಕಟ್ ಆಗುತ್ತದೆ ಅಂದುಕೊಂಡಿದ್ದರೋ ಏನೋ.

ಹಾಕಿ ಅಂದ ಕೂಡಲೇ ಎಲ್ಲರೂ ಕೊಡಗಿನ ಕಡೆ ನೋಡುತ್ತಾರೆ. ನೋಡಲಿ, ಅವರ ಆಟ ಅಂಥದ್ದು. ಆದರೆ ನಮ್ಮ ಹುಬ್ಬಳ್ಳಿಯ ಸೆಟ್ಲಮೆಂಟ್ ಬಡಾವಣೆಯಲ್ಲೂ ಹಾಕಿ ಹುಚ್ಚಿನವರಿದ್ದಾರೆ. ಅವತ್ತು ಸಲೂನಿನಲ್ಲಿದ್ದ ಎಂಟು ಜನರಲ್ಲಿ ಐದು ಜನ ಒಂದಲ್ಲ ಒಂದು ಕಾಲಕ್ಕೆ ಸ್ಟಿಕ್ ಹಿಡಿದವರೇ. ಅಂಗಡಿಯವನು ಹಿಡಿದಿಲ್ಲ, ಆದರೆ ಮಾತಿಗೆ ಎಲ್ಲರಿಗಿಂತ ಅವನೇ ಮುಂದೆ.

ಮ್ಯಾಚ್ ನೀವೂ ನೋಡಿರುತ್ತೀರಿ. ಎದುರಿಗೆ ಗ್ರೇಟ್ ಬ್ರಿಟನ್. 17ನೇ ನಿಮಿಷ. ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್ ಚೆಂಡು ತಗೊಂಡು ಹೋಗುತ್ತಿದ್ದ. ಅವರ ಕ್ಯಾಲ್ನನ್ ಮೈಮೇಲೆ ಬಿದ್ದ ಹಾಗೆ ಹಿಂದೆಯೇ ಬಂದ. ರೋಹಿದಾಸ್‌ನ ಸ್ಟಿಕ್ ಮೇಲಕ್ಕೆ ಎದ್ದು ಕ್ಯಾಲ್ನನ್ ಮುಖಕ್ಕೆ ಬಡಿಯಿತು. ವಿಡಿಯೋ ನೋಡಿದರು, ತಿರುಗಿಸಿ ತಿರುಗಿಸಿ ನೋಡಿದರು, ಕೊನೆಗೆ ರೆಡ್ ಕಾರ್ಡ್. ಹಾಕಿಯಲ್ಲಿ ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಐದೋ ಹತ್ತೋ ನಿಮಿಷ. ಕೆಂಪು ಅಂದರೆ ಆ ಮ್ಯಾಚ್ ಮುಗಿಯಿತು. ಇನ್ನೂ ನಲವತ್ತು ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ, ನಮ್ಮವರು ಹತ್ತೇ ಜನ.

ಆಮೇಲೆ ನಡೆದದ್ದು ಈಗ ಚಿಕ್ಕ ಮಕ್ಕಳಿಗೂ ಬಾಯಿಪಾಠ. ಹರ್ಮನ್‌ಪ್ರೀತ್ 22ನೇ ನಿಮಿಷಕ್ಕೆ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು. 27ಕ್ಕೆ ಅವರ ಮಾರ್ಟನ್ ಸಮ ಮಾಡಿದ. ಅಲ್ಲಿಂದ ಮುಂದೆ ಬರೀ ತಡೆಯುವುದೇ ಕೆಲಸ. ಅಂಗಡಿಯವನು ಕೈಯಲ್ಲಿ ಬಾಚಣಿಗೆ ಹಿಡಿದು ಅದರ ಹಲ್ಲು ಒಂದೊಂದೇ ಮುರಿಯುತ್ತಾ ಕೂತಿದ್ದ. 1-1ಕ್ಕೇ ಆಟ ಮುಗಿದು ಶೂಟೌಟ್ ಬಂತು, ಅಂದರೆ ಒಬ್ಬೊಬ್ಬರೇ ಬಂದು ಗೋಲ್‌ಕೀಪರ್ ಎದುರು ಹೊಡೆಯುವುದು. ಅವರ ಮೂರನೆಯವನು ಹೊಡೆದದ್ದು ಹೊರಗೆ ಹೋಯಿತು, ನಾಲ್ಕನೆಯವನನ್ನು ಶ್ರೀಜೇಶ್ ತಡೆದ. ರಾಜ್‌ಕುಮಾರ್ ಪಾಲ್ ಹೊಡೆದ. 4-2. ನಾವು ಎಂಟು ಜನ ಆ ಸಣ್ಣ ಅಂಗಡಿಯಲ್ಲಿ ಕುಣಿದದ್ದಕ್ಕೆ ಪೌಡರ್ ಡಬ್ಬಿ ಬಿದ್ದು ಎಲ್ಲರ ಕಾಲೂ ಬೆಳ್ಳಗಾಯಿತು.

ಗೆದ್ದ ಮೇಲೆ ಮಿರ್ಚಿ ತಿಂದು ಮನೆಗೆ ಹೋಗಬೇಕಿತ್ತು, ಅಲ್ವಾ? ಮಿರ್ಚಿ ಏನೋ ಬಂತು. ಮನೆಗೆ ಯಾರೂ ಹೋಗಲಿಲ್ಲ. ಐದು ಗಂಟೆ ತನಕ ಅಂಪೈರ್‌ಗೆ ಬೈದೆವು.

ರೈಲ್ವೆಯಿಂದ ರಿಟೈರ್ ಆದವರೊಬ್ಬರು, "ಇದು ಬೇಕಂತ ಮಾಡಿದ್ದು ಬಿಡ್ರಿ, ಆಸ್ಟ್ರೇಲಿಯಾನ ಸೋಲಿಸಿದ್ದು ಅವರಿಗೆ ಹೊಟ್ಟಿ ಉರಿ" ಅಂದರು. ಎರಡು ದಿನದ ಹಿಂದಷ್ಟೇ, 1972ರ ನಂತರ ಮೊದಲ ಸಲ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ್ದೆವು. ಆದರೆ ಆಸ್ಟ್ರೇಲಿಯಾ ಸೋತರೆ ಬ್ರಿಟನ್ ಮ್ಯಾಚಿನ ಅಂಪೈರ್‌ಗೆ ಹೊಟ್ಟೆ ಯಾಕೆ ಉರಿಯಬೇಕು ಅಂತ ಯಾರೂ ಕೇಳಲಿಲ್ಲ. ಅವರಿಗೆ ಎದುರು ಮಾತಾಡಿದರೆ ಸಂಜೆ ತನಕ ಬಿಡುವುದಿಲ್ಲ. ಡಿಗ್ರಿ ಓದುವ ಹುಡುಗನೊಬ್ಬ ಸೋಮವಾರ ಮೊಬೈಲ್ ಹಿಡಿದುಕೊಂಡು ಮತ್ತೆ ಬಂದ. ಹಾಕಿ ಇಂಡಿಯಾ ದೂರು ಕೊಟ್ಟಿದೆ, ಶೂಟೌಟ್ ನಡೆಯುವಾಗ ಅವರ ಗೋಲ್‌ಕೀಪರ್ ಟ್ಯಾಬ್ಲೆಟ್ ನೋಡುತ್ತಿದ್ದನಂತೆ, ಗೋಲಿನ ಹಿಂದಿನಿಂದ ಹೇಳಿಕೊಡುತ್ತಿದ್ದರಂತೆ ಅಂತ ಓದಿ ಹೇಳಿದ. ಅಂಗಡಿಯವನು ಒಂದೇ ಮಾತಿಗೆ ಮುಗಿಸಿದ: "ಕಾಪಿ ಹೊಡದೂ ನಪಾಸ್ ಆದ್ರಲ್ಲೋ!"

ನಾನು ಹೇಳಬೇಕಾದದ್ದು ಅದಲ್ಲ. ಭಾನುವಾರ, ಮಿರ್ಚಿ ಬಂದ ಮೇಲೆ. ಎಲ್ಲರೂ ಒಂದೇ ಸಲ ಕೂಗಾಡುತ್ತಿದ್ದಾಗ ಮೂಲೆಯ ಕುರ್ಚಿಯಿಂದ ಮಾಸ್ತರ್ ಮಾತಾಡಿದರು. ತಿರುಗಲಿಲ್ಲ. ತಿರುಗಲು ಆ ಕುರ್ಚಿಗೆ ಬರುವುದೂ ಇಲ್ಲ.

"ಕಾರ್ಡ್ ಕೊಟ್ಟಿದ್ದು ತಪ್ಪೇನಲ್ಲ. ಸ್ಟಿಕ್ಕು ಹಿಡದಂವಂದ ಜವಾಬ್ದಾರಿ."

ಒಂದು ಕ್ಷಣ ಅಂಗಡಿಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಆಗ ನಾನು, ನಲವತ್ತು ದಾಟಿದ ನಾನು, ಹೇಳಿದೆ: "ಸರ ಮ್ಯಾಚ್ ಉಲ್ಟಾ ನೋಡ್ಯಾರ, ಅದಕ್ಕ ಉಲ್ಟಾ ಮಾತಾಡಾಕತ್ಯಾರ."

ಭಾರಿ ನಗು ಬಿತ್ತು. ರೈಲ್ವೆಯವರು ನನ್ನ ಬೆನ್ನಿಗೆ ಹೊಡೆದರು. ಮಾಸ್ತರ್ ಕನ್ನಡಿಯಲ್ಲೇ ನನ್ನ ಮುಖ ನೋಡಿದರು.

"ಕನ್ನಡ್ಯಾಗ ನೋಡಿದ್ರೂ ಸ್ಟಿಕ್ಕು ಅಂವನ ಕೈಯಾಗ ಇತ್ತಲ್ಲೋ ತಮ್ಮಾ."

ಅಷ್ಟೇ. ಸಿಟ್ಟಿಲ್ಲ. ಅರ್ಧ ಮಿರ್ಚಿ ಪೇಪರಿನ ಮೇಲೆ ಇಟ್ಟು, ಕೈ ಒರೆಸಿಕೊಂಡು, ಕೊಡೆ ತಗೊಂಡು ಹೋದರು. ಅವರು ಹೋದ ಮೇಲೂ ನಗು ನಡೆದೇ ಇತ್ತು. ನಾನೂ ನಗುತ್ತಿದ್ದೆ. ನನ್ನ ಕಣ್ಣು ಮಾತ್ರ ಆ ಅರ್ಧ ಮಿರ್ಚಿ ಮೇಲೆ. ಅದರೊಳಗಿನ ಮೆಣಸಿನಕಾಯಿ ತೆಗೆದು ಪಕ್ಕಕ್ಕಿಟ್ಟಿದ್ದರು. ಖಾರ ಆಗುವುದಿಲ್ಲ ಅವರಿಗೆ ಈಗ.

ರೆಡ್ ಕಾರ್ಡ್ ಜಾಸ್ತಿ ಆಯಿತು ಅಂತ ನಾನು ಈಗಲೂ ಹೇಳುತ್ತೇನೆ. ಹಳದಿ ಕೊಟ್ಟಿದ್ದರೆ ಸಾಕಿತ್ತು. ವಿಡಿಯೋವನ್ನು ಅಷ್ಟು ನಿಧಾನ ಮಾಡಿ ತೋರಿಸಿದರೆ ಯಾವ ಕೈಯೂ ಬೇಕಂತಲೇ ಎದ್ದ ಹಾಗೆ ಕಾಣುತ್ತದೆ. ಓಡುವವನಿಗೆ ಅದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಇಷ್ಟನ್ನೇ ಮಾಸ್ತರ್‌ಗೆ ನೆಟ್ಟಗೆ ಹೇಳಬಹುದಿತ್ತು. ಅವರು ಎದುರು ಮಾತು ಕೇಳಿಸಿಕೊಳ್ಳದ ಮನುಷ್ಯರೇನಲ್ಲ. ಹೇಳದೆ ಕುಚೇಷ್ಟೆ ಮಾಡಿದೆ. ಯಾಕೆ ಅಂತ ರಾತ್ರಿ ಮಲಗಿದಾಗ ಗೊತ್ತಾಯಿತು.

1998. ನಾನು ಹತ್ತನೇ ಕ್ಲಾಸು. ಧಾರವಾಡದಲ್ಲಿ ಶಾಲೆಗಳ ಟೂರ್ನಮೆಂಟು. ಟರ್ಫ್ ಗಿರ್ಫ್ ಏನೂ ಇಲ್ಲ, ಮಣ್ಣಿನ ಗ್ರೌಂಡ್, ಸುಣ್ಣದ ಗೆರೆ. ಹಿಂದಿನ ರಾತ್ರಿ ಮಳೆ ಆಗಿ, ಮಧ್ಯಾಹ್ನದ ಹೊತ್ತಿಗೆ ಡಿ ಗೆರೆ ಹುಡುಗರ ಕಾಲಿಗೆ ಅಂಟಿಕೊಂಡು ಅರ್ಧ ಹೋಗಿತ್ತು. ಹಾಕಿ ಗೊತ್ತಿಲ್ಲದವರಿಗೆ ಹೇಳಬೇಕು, ಡಿ ಅಂದರೆ ಗೋಲಿನ ಮುಂದಿನ ಅರ್ಧ ವೃತ್ತ, ಅದರ ಒಳಗಿಂದ ಹೊಡೆದರೆ ಮಾತ್ರ ಗೋಲು. ಹೊರಗಿಂದ ಹೊಡೆದದ್ದು ಯಾರಿಗೂ ತಾಗದೆ ನೆಟ್ಟಿಗೆ ಹೋದರೂ ಲೆಕ್ಕಕ್ಕಿಲ್ಲ. ನಾನು ಹೊಡೆದೆ. ಅಂಪೈರ್ ದೂರ ಇದ್ದರು. ಸೀಟಿ ಊದಿ ಗೋಲು ಅಂದರು. 1-0, ನಾವು ಗೆದ್ದೆವು.

ಒಂದು ಮೊಳ ಹೊರಗಿದ್ದೆ ನಾನು. ಅಳಿಸಿದ ಗೆರೆ ಅಂತ ಸುಳ್ಳು ಹೇಳಬಹುದು. ಆದರೆ ನನ್ನ ಕಾಲಡಿ ಉಳಿದಿದ್ದ ತುಣುಕು ಗೆರೆ ನನಗೆ ಕಂಡಿತ್ತು.

ಅವರ ಗೋಲ್‌ಕೀಪರ್ ನನಗಿಂತ ಚಿಕ್ಕವನು. ಕಾಲಿಗೆ ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡಿದ್ದ, ಅವೂ ಅವನ ತೊಡೆ ತನಕ ಬರುತ್ತಿದ್ದವು. ಮ್ಯಾಚ್ ಮುಗಿದ ಮೇಲೆ ಆ ಪ್ಯಾಡಿನಲ್ಲೇ ದಡಬಡ ನಡೆದುಕೊಂಡು ನನ್ನ ಹತ್ತಿರ ಬಂದ. "ಅಣ್ಣಾ, ಖರೇ ಹೇಳು. ಒಳಗಿಂದ ಹೊಡದಿ ಏನು?" ಅಂದ. ನಾನು "ಅಂಪೈರ್‌ನ ಕೇಳು ಹೋಗು" ಅಂದೆ.

ಅವತ್ತು ರೀಪ್ಲೇ ಇರಲಿಲ್ಲ. ಸೈಡ್‌ಲೈನಿನಲ್ಲಿ, ಸರಿಯಾಗಿ ಡಿ ಗೆರೆಯ ನೇರಕ್ಕೆ, ಕೊಡೆ ಊರಿಕೊಂಡು ನಮ್ಮ ಪಿಟಿ ಮಾಸ್ತರ್ ನಿಂತಿದ್ದರು. ಬಸ್ಸಿನಲ್ಲಿ ಹುಬ್ಬಳ್ಳಿ ತನಕ ಹುಡುಗರೆಲ್ಲ ಕೂಗಿ ಗಂಟಲು ಕೆಡಿಸಿಕೊಂಡರು. ಅವರು ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಮೊದಲೇ ಶಭಾಷ್ ಅನ್ನದ ಮನುಷ್ಯ. ಹಾಗಾಗಿ ಅದು ಎಂದಿನ ಮೌನವೋ, ಬೇರೆ ಮೌನವೋ ನನಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ಆಯಿತು, ಅವರು ಕೇಳಿಲ್ಲ, ನಾನು ಹೇಳಿಲ್ಲ. ಆ ಅಂಪೈರ್ ಕೆಟ್ಟವರು ಅಂತ ನಮ್ಮ ಕಡೆ ಒಬ್ಬರೂ ಒಂದು ದಿನವೂ ಅನ್ನಲಿಲ್ಲ. ಐದು ಗಂಟೆ ತನಕ ಕೂತು ಬೈಯಲು ಆ ಪುಟ್ಟ ಗೋಲ್‌ಕೀಪರ್‌ಗೆ ಒಂದು ಸಲೂನಾದರೂ ಸಿಕ್ಕಿತ್ತೋ ಇಲ್ಲವೋ.

ಗೆದ್ದದ್ದಕ್ಕೆ ಎಲ್ಲರಿಗೂ ಒಂದೊಂದು ಸ್ಟೀಲ್ ಲೋಟ ಕೊಟ್ಟಿದ್ದರು. ನನ್ನದು ಇನ್ನೂ ಮನೆಯಲ್ಲಿದೆ. ಮೇಲೆ ಕೊರೆದ ಅಕ್ಷರ ಸವೆದು ಬರೀ '98' ಉಳಿದಿದೆ. ಹೆಂಡತಿ ಅದನ್ನು ಅಳತೆಗೆ ಇಟ್ಟುಕೊಂಡಿದ್ದಾಳೆ. ಈ ಸಲ ಉಂಡಿಗೆ ಮೂರು ಲೋಟ ಶೇಂಗಾ, ಎರಡು ಲೋಟ ಬೆಲ್ಲ.

"ಕನ್ನಡ್ಯಾಗ ನೋಡಿದ್ರೂ ಸ್ಟಿಕ್ಕು ಅಂವನ ಕೈಯಾಗ ಇತ್ತಲ್ಲೋ ತಮ್ಮಾ." ಅವರು 'ಅಂವನ' ಅಂದರು. ರೋಹಿದಾಸ್ ಬಗ್ಗೆಯೇ ಅಂದರು. ಅದರಲ್ಲಿ ಅನುಮಾನ ಇಲ್ಲ. ಆದರೂ ನಿನ್ನೆಯಿಂದ ಎಷ್ಟು ಸಲ ಆ ಮಾತು ತಿರುಗಿಸಿ ನೋಡಿದರೂ, ಅವರು ಕನ್ನಡಿಯಲ್ಲಿ ಟಿವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು ಅನ್ನುವುದೇ ಕಾಣುತ್ತದೆ. ನಿಧಾನ ಮಾಡಿ ನೋಡಿದರೆ ಹೀಗೇ ಆಗುತ್ತೆ ಅಂತ ಈಗಷ್ಟೇ ನಾನೇ ಹೇಳಿದೆ, ನಿಜ.

ರೋಹಿದಾಸ್‌ಗೆ ಒಂದು ಮ್ಯಾಚ್ ನಿಷೇಧ ಅಂತ ಆಯಿತು. ಅಪೀಲು ಮಾಡಿದರು, ನಿನ್ನೆ ಅದೂ ಬಿದ್ದುಹೋಯಿತು. ಇವತ್ತು ಮಂಗಳವಾರ, ರಾತ್ರಿ ಹತ್ತೂವರೆಗೆ ಜರ್ಮನಿ ಜೊತೆ ಸೆಮಿಫೈನಲ್. ಹದಿನಾರು ಜನರ ತಂಡದಲ್ಲಿ ಒಬ್ಬ ಕಡಿಮೆ. ಮೂರು ವರ್ಷದ ಹಿಂದೆ ಟೋಕಿಯೋದಲ್ಲಿ 5-4ರಿಂದ ಸೋಲಿಸಿ ಕಂಚು ತಂದದ್ದು ಇದೇ ಜರ್ಮನಿ ಎದುರು. ಆದರೆ ಡಿಫೆನ್ಸಿನಲ್ಲಿ ರೋಹಿದಾಸ್ ಇಲ್ಲ ಅಂದರೆ ಪೆನಾಲ್ಟಿ ಕಾರ್ನರ್‌ನಲ್ಲಿ ಅವರು ಹೊಡೆಯುವ ಚೆಂಡಿಗೆ ಮೊದಲು ಓಡಿ ಹೋಗಿ ಎದೆ ಕೊಡುವವನೇ ಇಲ್ಲ. ನನಗೆ ಹೆದರಿಕೆ ಇದೆ.

ಅಂಗಡಿಯವನು ಮಧ್ಯಾಹ್ನ ಫೋನ್ ಮಾಡಿದ್ದ. ಷಟರ್ ಅರ್ಧ ಎಳೆದು ಒಳಗೆ ಕೂತು ನೋಡೋಣ ಅಂದ. "ಸರ ಬರತಾರೇನು?" ಅಂತ ಕೇಳಿದೆ.

"ಹೇಳಿ ಕಳಿಸ್ಯಾರಲ್ರಿ, ಮೂಲಿ ಕುರ್ಚಿ ನಂದು, ಯಾರನೂ ಕುಂದರಸಬ್ಯಾಡ ಅಂತ."

ಪಂಚಮಿಗೆ ಇನ್ನೂ ಮೂರು ದಿನ ಇದೆ, ನಾಗಪ್ಪನಿಗೆ ಹಾಲು ಎರೆಯುವ ಮೊದಲು ಉಂಡಿ ಮುಟ್ಟಬೇಡಿ ಅಂತ ಹೆಂಡತಿ ಗೊಣಗಿದಳು. ಮಾಸ್ತರ್‌ಗೆ ಅಂತ ಹೇಳಿದ ಮೇಲೆ ನಾಲ್ಕು ಉಂಡಿ ಪೇಪರಿನಲ್ಲಿ ಕಟ್ಟಿಕೊಟ್ಟಳು. ಏಲಕ್ಕಿ ಹಾಕಿದ್ದಾಳೆ, ಖಾರದ್ದೇನೂ ಇಲ್ಲ. ಒಂಬತ್ತೂವರೆ ಆಯಿತು. ಬೇಗ ಹೋದರೆ ಬೇರೆಯವರು ಬರುವ ಮೊದಲು ಅವರ ಪಕ್ಕದ ಕುರ್ಚಿ ಸಿಗಬಹುದು.