ಬೀಕರಿನೊಳಗೊಂದು ಬೆಳ್ಳಿ ಮರ

ಹನೋಯ್‌ಗೆ ರಸಾಯನಶಾಸ್ತ್ರ ಕಲಿಸಲು ಬಂದ ಮೊದಲ ವರ್ಷದ ಮಾತು. ಡಿಸೆಂಬರ್ 24. ವಿಯೆಟ್ನಾಂನಲ್ಲಿ ಕ್ರಿಸ್‌ಮಸ್‌ಗೆ ಸರ್ಕಾರಿ ರಜೆಯಿಲ್ಲ, ಹಾಗಾಗಿ ಕ್ಲಾಸಿತ್ತು. ಒಳಗೆ ಹೋದರೆ ಅರ್ಧಕ್ಕರ್ಧ ತಲೆಗಳ ಮೇಲೆ ಕೆಂಪು ಟೋಪಿ. "ಕ್ರೈಸ್ತರು ಯಾರ್ಯಾರು?" ಅಂದೆ. ಎದ್ದದ್ದು ಒಂದೇ ಕೈ, ಅದೂ ಟೋಪಿ ಹಾಕದ ಹುಡುಗನದು.

ಅಂದಿನ ಪಾಠ ಲೋಹಗಳ ಕ್ರಿಯಾಶೀಲತೆಯ ಸರಣಿ, ಅಂದರೆ ಬೇಗ ವರ್ತಿಸುವ ಲೋಹದಿಂದ ಸುಮ್ಮನಿರುವ ಲೋಹದವರೆಗಿನ ಪಟ್ಟಿ. ನಾನು ಬೋರ್ಡಿನ ಮೇಲೆ ಬರೆಯುವ ಮೊದಲೇ ಮಕ್ಕಳು ರಾಗವಾಗಿ ಏನೋ ಒಪ್ಪಿಸಿಬಿಟ್ಟರು. ಕಬ್ಬಿಣದ ಅಂಗಿ ಹೊಲಿಸಬೇಕಾದರೆ ಬೀದಿಗೆ ಹೋಗಿ ಏಷ್ಯಾ-ಆಫ್ರಿಕಾ-ಯುರೋಪ್ ಅಂಗಡಿಯಲ್ಲಿ ವಿಚಾರಿಸು ಎಂಬರ್ಥದ ವಾಕ್ಯವಂತೆ. ಒಂದೊಂದು ಪದವೂ ಒಂದೊಂದು ಲೋಹದ ಸಂಕೇತವನ್ನು ನೆನಪಿಸುತ್ತದೆ: ಅವರ ಭಾಷೆಯಲ್ಲಿ ಮೊದಲ ಪದ 'ಖಿ' (Khi), ಅದು K, ಅಂದರೆ ಪೊಟ್ಯಾಸಿಯಂ; ಮುಂದಿನದು ಸೋಡಿಯಂ. ಕೊನೆಯ ಏಷ್ಯಾ, ಆಫ್ರಿಕಾ, ಯುರೋಪ್‌ಗಳು ಬೆಳ್ಳಿ, ಪ್ಲಾಟಿನಂ, ಚಿನ್ನ. ಇಷ್ಟು ವರ್ಷ ಬರೀ ಉರು ಹೊಡೆದು ಕಲಿತ ನನಗೆ ಹೊಟ್ಟೆಕಿಚ್ಚೇ ಆಯಿತು.

ತಾಮ್ರದ ತಂತಿಯನ್ನು ಪುಟ್ಟ ಕ್ರಿಸ್‌ಮಸ್ ಮರದ ಹಾಗೆ ತಿರುಚಿ ತಂದಿದ್ದೆ. ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟನ್ನು ಅವಸರದಲ್ಲಿ ನಲ್ಲಿ ನೀರಿಗೇ ಹಾಕಿದೆ. ದ್ರಾವಣ ಮಜ್ಜಿಗೆಯಂತೆ ಬೆಳ್ಳಗಾಯಿತು: ನೀರಿನಲ್ಲಿದ್ದ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡಿತ್ತು. ನನಗೆ ಮುಖಭಂಗ, ಮಕ್ಕಳಿಗೆ ಸಂಭ್ರಮ. "ಹಿಮ! ಹಿಮ!" ಎಂದು ಕೂಗಿದರು. ಹನೋಯ್‌ನಲ್ಲಿ ಹುಟ್ಟಿ ಬೆಳೆದವರು ಹಿಮ ಕಂಡದ್ದೆಲ್ಲಿ!

ಎರಡನೇ ಸಲ ಡಿಸ್ಟಿಲ್ಡ್ ವಾಟರ್. ತಂತಿ ಮೊದಲು ಕಪ್ಪಾಗಿ ಕಂಡಿತು, ಆಮೇಲೆ ಬೂದಿಬಣ್ಣದ ನವಿರು, ನೋಡನೋಡುತ್ತಲೇ ಸೂಜಿಯಂಥ ಬೆಳ್ಳಿಯ ಎಲೆಗಳು. ಸರಣಿಯಲ್ಲಿ ಬೆಳ್ಳಿಗಿಂತ ಮೇಲಿರುವ ತಾಮ್ರ ದ್ರಾವಣದಿಂದ ಬೆಳ್ಳಿಯನ್ನು ಹೊರತಳ್ಳುತ್ತಿತ್ತು; ತಾನು ಕರಗಿ ಕರಗಿ ನೀರು ತಿಳಿನೀಲಿಯಾಯಿತು. ಮೊಬೈಲ್‌ಗಳೆಲ್ಲ ಹೊರಬಂದವು. ಬೈಯಲು ಮನಸ್ಸಾಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ಬೀಕರ್ ನೋಡಿ, "ಹೊರಗಿನ ಹಬ್ಬಗಳೂ ಹೀಗೇ, ಒಳಗಿದ್ದದ್ದನ್ನು ಹೊರಗೆ ತಳ್ಳುತ್ತವೆ" ಅಂದರು. ಕರಗಿ ಹೋಗುತ್ತಿರುವುದು ಹೊರಗಿನಿಂದ ಬಂದ ತಾಮ್ರವೇ ಅಲ್ಲವೇ ಎಂದು ಕೇಳಬೇಕೆನ್ನಿಸಿತು; ಕೇಳಲಿಲ್ಲ, ಹಿರಿಯರು.

ಸಂಜೆ ಮಕ್ಕಳು ನನ್ನನ್ನು ಹಾಂಗ್ ಮಾ ಬೀದಿಗೆ ಎಳೆದುಕೊಂಡು ಹೋದರು. ಪಿತೃಗಳಿಗೆಂದು ಸುಡುವ ಕಾಗದದ ಸಾಮಾನು ಮಾರುವ ಹಳೆಯ ಬೀದಿ ಅದು. ಶರದ್ ಹುಣ್ಣಿಮೆಯ ಹಬ್ಬಕ್ಕೆ ಲಾಟೀನು, ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಮುಖವಾಡ, ಈಗ ಸಾಂಟಾ. ವ್ಯಾಪಾರಕ್ಕೆ ಯಾವ ಹಬ್ಬವಾದರೇನು! ಅಲ್ಲಿಂದ 1886ರ ಸೇಂಟ್ ಜೋಸೆಫ್ ಚರ್ಚಿನ ಮುಂದೆ ಹೋದರೆ ಕಾಲಿಡಲು ಜಾಗವಿಲ್ಲ. ಒಳಗೆ ಪ್ರಾರ್ಥನೆ, ಹೊರಗೆ ಫೋಟೋ.

"ಟೀಚರ್, ಎರಡು ಬೆರಳು ತೋರಿಸಿ" ಅಂದಳೊಬ್ಬಳು. ತೋರಿಸಿದೆ. ತುದಿಗಳೆರಡೂ ಕಪ್ಪು! ಬೆಳಿಗ್ಗೆ ಗ್ಲವ್ಸ್ ಹಾಕದೆ ಮುಟ್ಟಿದ್ದ ಸಿಲ್ವರ್ ನೈಟ್ರೇಟ್, ದಿನವಿಡೀ ಬೆಳಕು ಬಿದ್ದು, ಚರ್ಮದ ಮೇಲೆ ಬೆಳ್ಳಿಯ ಕಣಗಳಾಗಿತ್ತು. ಉಜ್ಜಿದರೆ ಹೋಗುವಂಥದ್ದಲ್ಲ. ನಮ್ಮ ಮೈಸೂರಿನ ಕಾರ್ಖಾನೆಯೊಂದು ಇದನ್ನೇ ಬೆರೆಸಿ ಮಾಡುವ ಶಾಯಿಯನ್ನು 1962ರ ಚುನಾವಣೆಯಿಂದ ಭಾರತದ ಮತದಾರರ ಬೆರಳಿಗೆ ಹಚ್ಚುತ್ತಾರೆ ಎಂದು ಹೇಳಿದೆ.

"ಹಾಗಾದರೆ ನೀವು ಯಾರಿಗೆ ಓಟು ಹಾಕಿದಿರಿ?"

ಅಷ್ಟರಲ್ಲಿ ಹೆಲ್ಮೆಟ್ಟಿನ ಮೇಲೆ ಕೆಂಪು ಟೋಪಿ ಸಿಕ್ಕಿಸಿಕೊಂಡ ಸಾಂಟಾ ಒಬ್ಬ, ಉಡುಗೊರೆ ಮೂಟೆಯ ಜೊತೆ ಸ್ಕೂಟರಿನಲ್ಲಿ ಹಾರ್ನ್ ಹೊಡೆಯುತ್ತಾ ಬಂದ. ಕಪ್ಪು ಬೆರಳಲ್ಲೇ ಅವನನ್ನು ತೋರಿಸಿದೆ.