ಸೆಡ್ಜ್‌ವಿಕ್ ಮ್ಯೂಸಿಯಂನಲ್ಲಿ ಧ್ರುವ ವಿಜ್ಞಾನದ ದಿನ: ಹೋಗುವವರಿಗೆ ಒಂದಿಷ್ಟು ಸಲಹೆ

ಕೇಂಬ್ರಿಡ್ಜ್‌ಗೆ ಹೋದ ನಮ್ಮವರು ಕಿಂಗ್ಸ್ ಕಾಲೇಜಿನ ಮುಂದೆ ಫೋಟೋ ತೆಗೆಸಿಕೊಂಡು, ಕ್ಯಾಮ್ ನದಿಯಲ್ಲಿ ದೋಣಿ ಹತ್ತಿ, ಸಂಜೆ ರೈಲಿಗೆ ವಾಪಸಾಗುವುದೇ ಹೆಚ್ಚು. ಜೊತೆಗೆ ಶಾಲೆಗೆ ಹೋಗುವ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ಡೌನಿಂಗ್ ಸ್ಟ್ರೀಟಿನಲ್ಲಿ ಕಲ್ಲು, ಪಳೆಯುಳಿಕೆಗಳನ್ನಿಟ್ಟಿರುವ ವಿಶ್ವವಿದ್ಯಾಲಯದ ಸೆಡ್ಜ್‌ವಿಕ್ ಮ್ಯೂಸಿಯಂನಲ್ಲಿ ಧ್ರುವ ವಿಜ್ಞಾನದ ಮುಕ್ತ ದಿನ ಯಾವಾಗಿದೆ ಎಂದು ವಿಚಾರಿಸಿಕೊಂಡು, ಆಮೇಲೆ ಟಿಕೆಟ್ ಮಾಡಿಸಿ. ಮ್ಯೂಸಿಯಂಗೆ ಪ್ರವೇಶ ಉಚಿತ.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲಾದರೆ ಒಂದು ಗಂಟೆಯೊಳಗೆ ತಲುಪಬಹುದು. ಸ್ಟೇಷನ್ನಿನಿಂದ ಅರ್ಧ ಗಂಟೆಯೊಳಗಿನ ನಡಿಗೆ. ಹೊರಗಿನ ಮೆಟ್ಟಿಲ ಬಳಿ ಕಲ್ಲಿನ ಕರಡಿ, ಬೈಸನ್ ಕಂಡರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದರ್ಥ.

ಕಲ್ಲಿನ ಮ್ಯೂಸಿಯಂನಲ್ಲಿ ಹಿಮದ ಕಥೆ ಯಾಕೆ ಎಂದು ನಮ್ಮ ಜೊತೆಗಿದ್ದ ಹಿರಿಯರು ಕೇಳಿದರು. ದಕ್ಷಿಣ ಧ್ರುವಕ್ಕೆ ಹೋಗಿ ಮರಳುವಾಗ ಸತ್ತ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್‌ನ ಕೊನೆಯ ಯಾತ್ರೆಯಲ್ಲಿ ಭೂವಿಜ್ಞಾನಿಯಾಗಿದ್ದ ಫ್ರಾಂಕ್ ಡೆಬೆನ್‌ಹ್ಯಾಮ್ 1920ರಲ್ಲಿ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆಯನ್ನು ಕಟ್ಟಿದಾಗ, ಅದು ಶುರುವಾದದ್ದೇ ಈ ಮ್ಯೂಸಿಯಂನ ಅಟ್ಟದ ಕೋಣೆಯಲ್ಲಿ. ಹಾಗಾಗಿ ನಂಟು ಹಳೆಯದು.

ಒಳಗೆ ಹೋದ ತಕ್ಷಣ ಮಕ್ಕಳು ಧ್ರುವದ ಜಾಕೆಟ್, ಬೂಟು ಹಾಕಿಸುವ ಮೇಜಿನತ್ತ ಓಡುತ್ತಾರೆ. ಸಾಲು ಉದ್ದ, ಸಿಗುವುದು ಒಂದು ಫೋಟೋ. ಅದನ್ನು ಕೊನೆಗಿಟ್ಟುಕೊಂಡು ಮೊದಲು ಹಿಮದ ಮೇಜಿಗೆ ಹೋಗಿ. ಹಳೆಯ ಹಿಮದ ಚೂರನ್ನು ನೀರಿಗೆ ಹಾಕಿ ಕಿವಿಗೊಟ್ಟರೆ, ಪಕ್ಕದ ಮನೆಯ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಿಟಿಚಿಟಿ ಸದ್ದು. ಹಿಮ ಬಿದ್ದ ಕಾಲದ ಗಾಳಿ ಗುಳ್ಳೆಗಳಾಗಿ ಅದರಲ್ಲಿ ಸಿಕ್ಕಿಕೊಂಡಿರುತ್ತದೆ, ಕರಗುವಾಗ ಹೊರಬರುತ್ತದೆ. ಅಂಟಾರ್ಕ್ಟಿಕಾದಲ್ಲಿ ಇಂಥ ಹಿಮದ ಕಂಬಗಳನ್ನು ಕೊರೆದು ತೆಗೆದು, 8 ಲಕ್ಷ ವರ್ಷಗಳ ಹಿಂದಿನವರೆಗೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಎಂದು ಅಳೆದಿದ್ದಾರೆ. 2025ರ ಜನವರಿಯಲ್ಲಿ ಯುರೋಪಿನ ತಂಡವೊಂದು 2,800 ಮೀಟರ್ ಕೊರೆದು, 12 ಲಕ್ಷ ವರ್ಷ ಹಳೆಯ ಹಿಮವನ್ನು ಮುಟ್ಟಿತು.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಒಂದು ಬೂದು ಕಲ್ಲು. ಎಳೆಎಳೆಯಾಗಿ ಕೂತ ನುಣುಪು ಕೆಸರು ಗಟ್ಟಿಯಾಗಿ ಆದದ್ದು. ನಡುವೆ ಒಂಟಿ ಗುಂಡುಗಲ್ಲು, ಅದರ ಕೆಳಗೆ ಮಾತ್ರ ಪದರಗಳು ಕುಗ್ಗಿ ಬಾಗಿವೆ. ತೇಲುವ ಹಿಮಬಂಡೆ ಕರಗುತ್ತಾ ತನ್ನೊಳಗಿನ ಕಲ್ಲನ್ನು ಸಮುದ್ರದ ತಳಕ್ಕೆ ಬೀಳಿಸಿದ ಗುರುತು ಅದು. ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಬಹಳ ವರ್ಷ ಸುತ್ತಿದ ಕೇಂಬ್ರಿಡ್ಜ್‌ನ ಭೂವಿಜ್ಞಾನಿ ಬ್ರಯನ್ ಹಾರ್ಲೆಂಡ್, ಇಂಥ ಹಿಮದ ಕುರುಹುಗಳ ಆಧಾರದ ಮೇಲೆ ಒಂದು ಕಾಲದಲ್ಲಿ ಸಮಭಾಜಕದ ಹತ್ತಿರಕ್ಕೂ ಹಿಮ ಬಂದಿತ್ತು ಎಂದು 1964ರಲ್ಲಿ ವಾದಿಸಿದ್ದರು. ಮೇಜಿನ ಹಿಂದಿದ್ದ ಸಂಶೋಧನಾ ವಿದ್ಯಾರ್ಥಿನಿ ಲೆನ್ಸ್ ಕೈಗೆ ಕೊಟ್ಟು ಸುಮ್ಮನಾದಳು, ನಾವೇ ನೋಡಿ ಹೇಳಲಿ ಅಂತ. ಮಕ್ಕಳೇ ಮೊದಲು ಕಂಡುಹಿಡಿದವರು. ಕೇಳಿದಷ್ಟೂ ಹೇಳುವ ಜನ ಇವರು, ಸಂಕೋಚ ಬೇಡ.

ಗ್ಲೊಸಾಪ್ಟೆರಿಸ್ ಎಂಬ ಎಲೆಯ ಪಳೆಯುಳಿಕೆ ಕಂಡರಂತೂ ನಾವು ನಿಂತು ನೋಡಲೇಬೇಕು. ನಾಲಿಗೆಯಾಕಾರ, ನಡುವೆ ದಪ್ಪ ನರ, ಎರಡೂ ಬದಿಗೆ ಬಲೆಯಂಥ ಸಣ್ಣ ನರಗಳು. ನಮ್ಮ ರಾಣಿಗಂಜ್ ಕಲ್ಲಿದ್ದಲಿನ ಪದರಗಳಲ್ಲೂ ಇದೇ ಎಲೆ. ಧ್ರುವದಿಂದ ಮರಳುತ್ತಾ ಸಾಯುವ ಸ್ಥಿತಿಯಲ್ಲಿದ್ದ ಸ್ಕಾಟ್ ತಂಡ 1912ರಲ್ಲಿ ಬಿಸಾಡದೆ ಎಳೆದು ತಂದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಇದೂ ಇತ್ತು. ಭಾರತ, ಅಂಟಾರ್ಕ್ಟಿಕಾ ಎರಡೂ ಒಂದು ಕಾಲದಲ್ಲಿ ಒಟ್ಟಿಗಿದ್ದ ಗೊಂಡ್ವಾನಾ ಎಂಬ ದೊಡ್ಡ ಭೂಖಂಡದ ತುಂಡುಗಳು ಎಂಬುದಕ್ಕೆ ಈ ಎಲೆ ದೊಡ್ಡ ಸಾಕ್ಷಿಯಾಯಿತು. ಸ್ಕಾಟ್ ತಂದ ಮಾದರಿಗಳು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿವೆ, ಇಲ್ಲಿ ಹುಡುಕಬೇಡಿ.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ನಂತರ ಕಪಾಟುಗಳ ನಡುವೆ ತಳ್ಳುಗಾಡಿ ತಿರುಗಿಸಲೂ ಜಾಗವಿರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೋಗುವುದು ಜೇಬಿಗೆ ಒಳ್ಳೆಯದು. ಶನಿವಾರವಾದರೆ ಸ್ಟೇಷನ್ನಿಗೆ ಮರಳುವಾಗ ಲೆನ್ಸ್‌ಫೀಲ್ಡ್ ರಸ್ತೆಯ ಪೋಲಾರ್ ಮ್ಯೂಸಿಯಂ ಕೂಡ ಸಿಗುತ್ತದೆ, ಅದೂ ಉಚಿತ. ಆದರೆ ಸಂಜೆ ಬೇಗ ಮುಚ್ಚುತ್ತದೆ, ಮೂರು ಗಂಟೆಯೊಳಗೆ ಅಲ್ಲಿರಿ. ಒಳಗೆ ಕಾಲಿಡುತ್ತಲೇ ತಲೆಯೆತ್ತಿ ನೋಡಿ: ಎರಡು ಗುಮ್ಮಟಗಳಲ್ಲಿ ಎರಡು ಧ್ರುವಗಳ ನಕ್ಷೆ ಬರೆದಿದ್ದಾರೆ.